ಯುದ್ಧದ ರನ್‌ವೇ ಮೇಲೆ ವೇಗದ ಜಾತ್ರೆ

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಹುಟ್ಟಿದ ನೆಲ ಸಿಲ್ವರ್‌ಸ್ಟೋನ್. ಆ ಚಾಂಪಿಯನ್‌ಷಿಪ್ಪಿಗೆ 75 ತುಂಬಿದ ವರ್ಷ, ಅಲ್ಲಿನ ಹುಲ್ಲಿನ ದಿಬ್ಬದ ಮೇಲೆ ಕೂತು ಮಳೆಯಲ್ಲಿ ನೆನೆದ, ಕೊಳ್ಳೇಗಾಲ ಸೀಮೆಯ ಕಾಮಗೆರೆಯವನ ಕಣ್ಣಿಗೆ ಬಿದ್ದದ್ದು ಕಾರುಗಳಷ್ಟೇ ಅಲ್ಲ. ಅಂಥದೇ ರನ್‌ವೇಗಳು ನಮ್ಮಲ್ಲೂ ಇದ್ದವು. ಅವರು ಅದರ ಮೇಲೆ ಉದ್ಯಮ ಕಟ್ಟಿದರು. ನಾವು ರೇಸು ಮುಗಿಸಿ, ಹುಲ್ಲಿನ ಪಿಂಡಿ ಎತ್ತಿಟ್ಟು ಮನೆಗೆ ಹೋದೆವು!

ನೀರಿನ ಮೋಡವೊಂದು ನೆಲಕ್ಕೆ ಅಂಟಿಕೊಂಡೇ ನಮ್ಮ ಕಡೆಗೆ ನುಗ್ಗಿ ಬಂತು. ಮುಂದಿದ್ದ ಕಾರೊಂದು ಸ್ಪಷ್ಟವಾಗಿ ಕಂಡಿತು. ಅದರ ಹಿಂದೆ ಎಷ್ಟಿವೆ, ಯಾವುದು ಯಾರದ್ದು, ಒಂದೂ ತಿಳಿಯಲಿಲ್ಲ. ಮೋಡದೊಳಗಿಂದ ಬರೀ ಸದ್ದು. ಎದುರಿನ ತಿರುವಿನಲ್ಲಿ ಬಲಕ್ಕೆ ಹೊರಳಿದಾಗ ಕಾರುಗಳ ಬೆನ್ನಿನ ಕೆಂಪು ದೀಪಗಳು ಮಿಣಿಮಿಣಿ ಅಂದವು. ಒಂದು, ಎರಡು, ನಾಲ್ಕು ಎಂದು ಎಣಿಸುವಷ್ಟರಲ್ಲಿ ಎಲ್ಲವೂ ಮಾಯ.

‘ಕಂಡ್ತಾ ಮಾವ?’ ಎಂದ ಅಕ್ಕನ ಮಗ.

‘ಏನ್ ಕಂಡದ್ಲಾ? ಬರೀ ನೀರು.’

‘ಅದಕ್ಕೇ ಹೇಳಿದ್ದು ಕನ್ ಮಾವ, ರೇಡಿಯೊ ಕಿವಿಗ ಸಿಗಿಸ್ಕಳಿ ಅಂತ.’

2025ರ ಜುಲೈ 6, ಭಾನುವಾರ ಮಧ್ಯಾಹ್ನ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಸರ್ಕ್ಯೂಟಿನ ‘ಸ್ಟೋ’ ತಿರುವಿನ ಬಳಿ ಬ್ರಿಟಿಷ್ ಗ್ರ್ಯಾನ್‌ಪ್ರಿ ನೋಡುತ್ತಾ ಕೂತಿದ್ದೆವು. ಅಲ್ಲಿ ಮೂರು ಗಂಟೆಗೆ ರೇಸು ಶುರುವಾದಾಗ ನಮ್ಮೂರಿನಲ್ಲಿ ರಾತ್ರಿ ಏಳೂವರೆ. ಅಕ್ಕನ ಮಗನಿಗೆ ಮಿಲ್ಟನ್ ಕೀನ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಹೋದದ್ದು ಅವನ ಮಗುವನ್ನು ನೋಡುವುದಕ್ಕೆ. ‘ಇಷ್ಟು ದೂರ ಬಂದು ಸಿಲ್ವರ್‌ಸ್ಟೋನ್ ನೋಡದೆ ಹೋದ್ರ ಹೆಂಗ ಮಾವ’ ಎಂದು ಹಟ ಹಿಡಿದವನು ಅವನು. ಟಿಕೆಟ್ಟನ್ನು ಹಿಂದಿನ ವರ್ಷವೇ ತೆಗೆದಿಟ್ಟಿದ್ದ. ಅದರ ಬೆಲೆಯನ್ನು ಇವತ್ತಿಗೂ ನನಗೆ ಹೇಳಿಲ್ಲ. ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತು.

ಬೆಳಗಿನ ನಡಿಗೆಯೇ ಮೊದಲ ಅಚ್ಚರಿ. ವಾಹನ ನಿಲ್ಲಿಸಿದ ಹೊಲಗಳಿಂದ ಗೇಟಿನವರೆಗೆ ಜನವೋ ಜನ. ಹೆಗಲಿಗೆ ಮಡಚುವ ಕುರ್ಚಿ, ಬೆನ್ನಿಗೆ ಚೀಲ, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಅಜ್ಜಿಯರು, ಹಾಲುಗಲ್ಲದ ಮಕ್ಕಳು, ಕಾಲೇಜು ಹುಡುಗರ ದಂಡು. ಕಾಮಗೆರೆಯವನಿಗೆ ಈ ನೋಟ ತೀರಾ ಹೊಸದೇನಲ್ಲ. ಶಿವರಾತ್ರಿ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೊರಟ ಪಾದಯಾತ್ರಿಗಳು ನಮ್ಮೂರ ರಸ್ತೆಯಲ್ಲೇ ಹನೂರು, ಕೌದಳ್ಳಿ, ತಾಳಬೆಟ್ಟದ ಕಡೆಗೆ ಸಾಗುತ್ತಾರೆ. ಅದೇ ನಡಿಗೆ, ಅದೇ ಹುರುಪು, ಗುರುತಿಲ್ಲದವರ ಜೊತೆಗೂ ಅದೇ ಮಾತುಕತೆ. ‘ಉಘೇ ಮಾದಪ್ಪ’ ಒಂದು ಇರಲಿಲ್ಲ. ನಾಲ್ಕು ದಿನಗಳಲ್ಲಿ ಅಲ್ಲಿಗೆ ಬಂದವರು ಸುಮಾರು 5 ಲಕ್ಷ.

ಕುರಿ ಸತ್ತ ಮೊದಲ ರೇಸು

ಇಷ್ಟು ದೊಡ್ಡ ಜಾತ್ರೆಯ ಮೂಲ ಒಂದು ಹಾಳುಬಿದ್ದ ವಿಮಾನ ನಿಲ್ದಾಣ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ನಾರ್ಥ್ಯಾಂಪ್ಟನ್‌ಶೈರ್ ಮತ್ತು ಬಕಿಂಗ್‌ಹ್ಯಾಂಶೈರ್ ಗಡಿಯ ಹೊಲಗಳಲ್ಲಿ ಬ್ರಿಟನ್ನಿನ ವಾಯುಪಡೆ ರನ್‌ವೇ ಹಾಸಿತು. ವೆಲಿಂಗ್ಟನ್ ಬಾಂಬರ್ ವಿಮಾನಗಳ ಸಿಬ್ಬಂದಿಗೆ ತರಬೇತಿ ಕೊಡುವ ಜಾಗ ಅದು. ಯುದ್ಧ ಮುಗಿಯಿತು, ವಿಮಾನಗಳು ಹೋದವು. ಕಾಂಕ್ರೀಟು ಉಳಿಯಿತು. ಸುತ್ತಲಿನ ಹುಲ್ಲಿಗೆ ಕುರಿಗಳು ಬಂದವು.

ಬ್ರಿಟನ್ನಿನಲ್ಲಿ ಕಾರು ರೇಸಿಗೆ ಮೊದಲಿನಿಂದಲೂ ಜಾಗದ ಬರ. ಫ್ರಾನ್ಸ್, ಇಟಲಿಯಲ್ಲಿ ಊರಿಂದೂರಿಗೆ ಹೋಗುವ ರಸ್ತೆಯಲ್ಲೇ ರೇಸು ನಡೆಯುತ್ತಿದ್ದ ಕಾಲಕ್ಕೆ, 1903ರ ಮೋಟಾರು ಕಾರು ಕಾಯ್ದೆ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ ಹಾಕಿತು. ರಸ್ತೆ ಸಿಗದವರು ರೇಸಿಗೆಂದೇ ಪ್ರತ್ಯೇಕ ಟ್ರ್ಯಾಕು ಕಟ್ಟಿಕೊಂಡರು. ಲಂಡನ್ನಿನ ಹೊರಗೆ 1907ರಲ್ಲಿ ಶುರುವಾದ ಬ್ರೂಕ್‌ಲ್ಯಾಂಡ್ಸ್, ಮೋಟಾರು ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ಸರ್ಕ್ಯೂಟು. ಯುದ್ಧ ಬಂದಾಗ ಅದು ವಿಮಾನ ಕಾರ್ಖಾನೆಯ ಪಾಲಾಯಿತು. ಡಾನಿಂಗ್ಟನ್ ಟ್ರ್ಯಾಕು ಸೇನೆಯ ವಾಹನಗಳ ಡಿಪೋ ಆಯಿತು. 1945ರ ಹೊತ್ತಿಗೆ ರೇಸು ಹುಚ್ಚಿನವರ ಕೈಯಲ್ಲಿ ಕಾರುಗಳಿದ್ದವು, ಓಡಿಸಲು ನೆಲವಿರಲಿಲ್ಲ. ದೇಶದ ತುಂಬ ನೂರಾರು ರನ್‌ವೇಗಳು ಮಾತ್ರ ಖಾಲಿ ಬಿದ್ದಿದ್ದವು.

1947ರ ಸೆಪ್ಟೆಂಬರಿನಲ್ಲಿ ಸಿಲ್ವರ್‌ಸ್ಟೋನ್ ಹಳ್ಳಿಯ ಮಾರಿಸ್ ಗೇಗನ್ ಎಂಬಾತ ಗೆಳೆಯರನ್ನು ಸೇರಿಸಿಕೊಂಡು, ಯಾರನ್ನೂ ಕೇಳದೆ, ಆ ರನ್‌ವೇ ಮೇಲೆ ರೇಸು ಇಟ್ಟುಕೊಂಡ. ಎಲ್ಲಿಂದಲೋ ಒಂದು ಕುರಿ ಅಡ್ಡ ಬಂತು. ಕುರಿ ಸತ್ತಿತು, ಗೇಗನ್‌ನ ಕಾರೂ ಗುಜರಿ ಸೇರಿತು. ಆ ರೇಸಿಗೆ ‘ಮಟನ್ ಗ್ರ್ಯಾನ್‌ಪ್ರಿ’ ಎಂಬ ಹೆಸರು ಖಾಯಂ ಆಯಿತು. ಇವತ್ತು ಕೋಟಿಗಟ್ಟಲೆ ಪೌಂಡು ಹರಿಯುವ ಟ್ರ್ಯಾಕಿನ ಮೊದಲ ರೇಸು ಹೀಗೆ ಕಳ್ಳತನದ್ದು.

ಮರುವರ್ಷ ರಾಯಲ್ ಆಟೊಮೊಬೈಲ್ ಕ್ಲಬ್ ಆ ಜಾಗವನ್ನು ಸರ್ಕಾರದಿಂದ ಗೇಣಿಗೆ ಹಿಡಿಯಿತು. ಟ್ರ್ಯಾಕು ಸಿದ್ಧಪಡಿಸುವ ಕೆಲಸಕ್ಕೆ ಜಿಮ್ಮಿ ಬ್ರೌನ್ ಎಂಬ ರೈತನನ್ನು ಇಟ್ಟುಕೊಂಡರು. ಕೈಯಲ್ಲಿ ಎರಡು ತಿಂಗಳೂ ಇರಲಿಲ್ಲ. ಹುಲ್ಲಿನ ಪಿಂಡಿ, ಹಗ್ಗ, ಗೂಟ ಇವೇ ಸಾಮಗ್ರಿ. 1948ರ ಅಕ್ಟೋಬರ್ 2ರಂದು ಮೊದಲ ಅಧಿಕೃತ ಗ್ರ್ಯಾನ್‌ಪ್ರಿ ನಡೆದಾಗ ಬಂದ ಜನ ಸುಮಾರು 1 ಲಕ್ಷ! ಇಟಲಿಯ ಲುಯಿಗಿ ವಿಲೊರೆಸಿ ಮಸರಾಟಿ ಕಾರಿನಲ್ಲಿ ಗೆದ್ದರು.

ಆ ಮೊದಲ ಟ್ರ್ಯಾಕಿನ ನಕ್ಷೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ರನ್‌ವೇಗಳನ್ನೂ ಬಳಸಿದ್ದರಿಂದ ಎರಡು ಕಡೆಯ ಕಾರುಗಳು ನಡುಮಧ್ಯದತ್ತ ಎದುರುಬದುರಾಗಿ ಪೂರ್ತಿ ವೇಗದಲ್ಲಿ ಬಂದು, ಅಲ್ಲಿಂದ ಬೇರೆ ಬೇರೆ ದಿಕ್ಕಿಗೆ ತಿರುಗಬೇಕಿತ್ತು. ಎದುರಿನ ಕಾರು ಕಂಡು ಚಾಲಕರು ಗಾಬರಿಯಾಗದಿರಲೆಂದು ನಡುವೆ ಕ್ಯಾನ್ವಾಸು ಪರದೆ ಕಟ್ಟಿದ್ದರು. ಡಿಕ್ಕಿ ತಡೆಯುವ ಶಕ್ತಿ ಆ ಬಟ್ಟೆಗೆ ಎಲ್ಲಿಂದ ಬರಬೇಕು! ಮರುವರ್ಷವೇ ಅದನ್ನು ಬಿಟ್ಟು, ವಿಮಾನಗಳು ರನ್‌ವೇಗೆ ಹೋಗಲು ಬಳಸುತ್ತಿದ್ದ ಸುತ್ತುರಸ್ತೆಯನ್ನೇ ಟ್ರ್ಯಾಕು ಮಾಡಿಕೊಂಡರು. ಇವತ್ತಿನ 5.891 ಕಿ.ಮೀ. ಸುತ್ತಿನ ಒಡಲಲ್ಲಿ ಇರುವುದು ಬಹುಪಾಲು ಅದೇ ದಾರಿ.

1950ರ ಮೇ 13ರಂದು ಇಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ರೇಸು ನಡೆಯಿತು. ದೊರೆ ಆರನೇ ಜಾರ್ಜ್, ರಾಣಿಯ ಜೊತೆ ಬಂದು ನೋಡಿದರು. ನಮ್ಮ ದೇಶ ಅವರ ಕೈ ಬಿಟ್ಟು ಮೂರು ವರ್ಷವೂ ಆಗಿರಲಿಲ್ಲ. ಆಲ್ಫಾ ರೋಮಿಯೊ ಕಾರುಗಳೇ ಮೊದಲ ಮೂರೂ ಸ್ಥಾನ ಹೊಡೆದವು. ಗೆದ್ದ ಗಿಸೆಪ್ಪೆ ಫರೀನಾ ಅವರ ತಲೆಯ ಮೇಲಿದ್ದದ್ದು ಬಟ್ಟೆಯ ಟೋಪಿ. ಹೆಲ್ಮೆಟ್ ಕಡ್ಡಾಯವಾದದ್ದು 1952ರಲ್ಲಿ. ಅಂದಿನ 21 ಕಾರುಗಳ ಚಾಲಕರಲ್ಲಿ ಏಷ್ಯಾದವರೂ ಒಬ್ಬರಿದ್ದರು: ಸಿಯಾಂ, ಅಂದರೆ ಈಗಿನ ಥಾಯ್ಲೆಂಡಿನ ರಾಜಕುಮಾರ ಬೀರಾ. ಭಾರತದವರೊಬ್ಬರು ಫಾರ್ಮುಲಾ ಒನ್ ರೇಸಿಗೆ ಇಳಿಯಲು ಅಲ್ಲಿಂದ 55 ವರ್ಷ ಬೇಕಾಯಿತು.

> ತಿರುವಿಗೊಂದು ಕತೆ
>
> ಹ್ಯಾಂಗರ್ ಸ್ಟ್ರೈಟ್: ವಿಮಾನಗಳ ಶೆಡ್ಡುಗಳಿದ್ದ ನೇರ ದಾರಿ. ಇದರ ತುದಿಗೆ ಕಾರುಗಳ ವೇಗ ಗಂಟೆಗೆ 300 ಕಿ.ಮೀ. ಮೀರುತ್ತದೆ.
>
> ಸ್ಟೋ: ಹತ್ತಿರದ ಸ್ಟೋ ಶಾಲೆಯ ಹೆಸರು. 1987ರಲ್ಲಿ ನೈಜೆಲ್ ಮ್ಯಾನ್ಸೆಲ್ ತಮ್ಮದೇ ತಂಡದ ನೆಲ್ಸನ್ ಪಿಕೆಯನ್ನು ಹಿಂದಿಕ್ಕಿದ್ದು, 1999ರಲ್ಲಿ ಮೈಕೆಲ್ ಶೂಮಾಕರ್ ಕಾಲು ಮುರಿದುಕೊಂಡದ್ದು ಇಲ್ಲೇ.
>
> ಬೆಕೆಟ್ಸ್, ಚಾಪೆಲ್: ಒಂದು ಕಾಲದಲ್ಲಿ ಇಲ್ಲಿದ್ದ ಸಂತ ಥಾಮಸ್ ಬೆಕೆಟ್‌ನ ಪ್ರಾರ್ಥನಾ ಮಂದಿರದ ನೆನಪು.
>
> ವೆಲಿಂಗ್ಟನ್ ಸ್ಟ್ರೈಟ್: ಇಲ್ಲಿ ಹಾರುತ್ತಿದ್ದ ಬಾಂಬರ್ ವಿಮಾನದ ಹೆಸರು.
>
> ಹ್ಯಾಮಿಲ್ಟನ್ ಸ್ಟ್ರೈಟ್: ಇಲ್ಲಿ 9 ಸಲ ಗೆದ್ದ ಲೂಯಿಸ್ ಹ್ಯಾಮಿಲ್ಟನ್ ಹೆಸರನ್ನು 2020ರಲ್ಲಿ ಇಟ್ಟರು.

ಒಂದು ತಿರುವು, 52 ದರ್ಶನ

ದಿಬ್ಬದ ಮೇಲಿನ ಜೀವನದ ಬಗ್ಗೆ ಎರಡು ಮಾತು. ಕ್ರಿಕೆಟ್ ನೋಡಿದ ಹಾಗೆ ಇಡೀ ಮೈದಾನ ಕಾಣುತ್ತದೆ ಎಂದುಕೊಂಡು ಹೋದವರಿಗೆ ನಿರಾಸೆ ಖಾತ್ರಿ. ಆರು ಕಿಲೋಮೀಟರಿನ ಟ್ರ್ಯಾಕಿನಲ್ಲಿ ನಮ್ಮ ಪಾಲಿಗೆ ದಕ್ಕುವುದು ಒಂದು ತಿರುವು. ಒಣ ನೆಲದಲ್ಲಿ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಕಾರುಗಳೆಲ್ಲ ಬಂದು ಹೋಗುತ್ತವೆ. ಉಳಿದ ಹೊತ್ತು ದೊಡ್ಡ ಪರದೆ, ಕಿವಿಯ ರೇಡಿಯೊ, ಪಕ್ಕದವರ ತರ್ಕ. ಮನೆಯಲ್ಲಿ ಟೀವಿ ನೋಡಿದವರಿಗೆ ರೇಸು ನಮಗಿಂತ ಚೆನ್ನಾಗಿ ಅರ್ಥವಾಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಟೀವಿಯಲ್ಲಿ ಸಿಗದ್ದು ಬ್ರೇಕು. ಮುನ್ನೂರು ಕಿಲೋಮೀಟರ್ ವೇಗದಲ್ಲಿ ನಮ್ಮೆದುರಿಗೇ ಬರುವ ಕಾರು ಕೊನೆಯ ಗಳಿಗೆಯಲ್ಲಿ ವೇಗ ಕಡಿಮೆ ಮಾಡುವುದನ್ನು ಕಣ್ಣು ನಂಬುವುದಿಲ್ಲ. ಟೀವಿ ಕ್ಯಾಮೆರಾ ದೂರವನ್ನು ಹಿಂಡಿ ಚಪ್ಪಟೆ ಮಾಡಿಬಿಡುತ್ತದೆ. ಇಲ್ಲಿ ನಿಂತು ನೋಡಿದರೆ, ಮುಂದಿನವನು ಬ್ರೇಕು ಹಾಕಿದ ಜಾಗಕ್ಕಿಂತ ಒಂದೆರಡು ಮೀಟರು ಮುಂದೆ ಹಾಕುವ ಧೈರ್ಯವೇ ಈ ಆಟದ ತಿರುಳು ಎಂದು ಗೊತ್ತಾಗುತ್ತದೆ. 800 ಕೆ.ಜಿ. ತೂಕದ ವಾಹನ, ಒದ್ದೆ ನೆಲ, ಮುಂದೆ ನೀರಿನ ಗೋಡೆ. ಸದ್ದು ಮಾತ್ರ ನಾನು ಅಂದುಕೊಂಡಷ್ಟು ಇರಲಿಲ್ಲ. 2014ರಿಂದ 1.6 ಲೀಟರಿನ ಟರ್ಬೊ ಎಂಜಿನಿಗೆ ಬ್ಯಾಟರಿ ಸೇರಿಸಿದ ಮೇಲೆ ಹಳೆಯ ಕಿರುಚಾಟ ಹೋಗಿದೆಯಂತೆ. ಹಿಂದಿನ ಸಾಲಿನಲ್ಲಿದ್ದ ಅಜ್ಜನೊಬ್ಬ ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಕೊರಗುತ್ತಿದ್ದ. ಅವನ ಕೈಗೆ ಅಕ್ಕನ ಮಗನ ಹೆಂಡತಿ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಕೊಟ್ಟಳು. ಎರಡು ತಿಂದು ನೀರು ಕುಡಿದ. ಮತ್ತೆ ಎಂಜಿನ್ನಿನ ಮಾತೆತ್ತಲಿಲ್ಲ.

ಮಳೆ ಅಂದು ರೇಸನ್ನು ಬುಡಮೇಲು ಮಾಡಿತು. ಒದ್ದೆ ನೆಲಕ್ಕೆ ಹಸಿರು ಪಟ್ಟಿಯ ಟೈರು, ಜೋರು ಮಳೆಗೆ ನೀಲಿ ಪಟ್ಟಿಯದ್ದು, ಒಣಗಿದರೆ ಗೀರಿಲ್ಲದ ನುಣುಪು ಟೈರು. ಯಾವಾಗ ಯಾವುದು ಎಂಬ ಲೆಕ್ಕದಲ್ಲೇ ಗೆಲುವು ಸೋಲು. ಮುಂಚೂಣಿಯಲ್ಲಿದ್ದ ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ, ಸೇಫ್ಟಿ ಕಾರಿನ ಹಿಂದೆ ಇದ್ದಕ್ಕಿದ್ದಂತೆ ಬ್ರೇಕು ಹಾಕಿದ್ದಕ್ಕೆ 10 ಸೆಕೆಂಡು ದಂಡ ತೆತ್ತರು. ಮೊದಲ ಸ್ಥಾನದಿಂದ ಹೊರಟಿದ್ದ ಮ್ಯಾಕ್ಸ್ ವರ್ಸ್ಟಾಪೆನ್ ಗಿರಕಿ ಹೊಡೆದು ಹಿಂದೆ ಬಿದ್ದರು. ಊರ ಹುಡುಗ ಲ್ಯಾಂಡೊ ನಾರಿಸ್ ಗೆದ್ದಾಗ, ನಮ್ಮ ಪಕ್ಕದಲ್ಲೇ ಅವರ ಅಭಿಮಾನಿಗಳಿಗೆಂದು ಹಾಕಿದ್ದ ಸ್ಟ್ಯಾಂಡಿನ ಹತ್ತು ಸಾವಿರ ಜನ ಎದ್ದು ನಿಂತು ಕೂಗಿದ ಕೂಗು ಎಂಜಿನ್ನುಗಳ ಸದ್ದನ್ನು ಮೀರಿಸಿತು.

ನನಗೆ ಹಿಡಿಸಿದ್ದು ಮೂರನೇ ಸ್ಥಾನ. ಜರ್ಮನಿಯ ನಿಕೊ ಹುಲ್ಕೆನ್‌ಬರ್ಗ್ ಅಂದು ಹೊರಟದ್ದು 19ನೇ ಸ್ಥಾನದಿಂದ. 239ನೇ ರೇಸಿನಲ್ಲಿ ಮೊದಲ ಬಾರಿ ವಿಜಯ ವೇದಿಕೆ ಹತ್ತಿದರು. ಅಷ್ಟು ವರ್ಷ ಕಾದವರ ಕೈಗೆ ಬಂದ ಟ್ರೋಫಿ ಲೆಗೊ ಇಟ್ಟಿಗೆಗಳಿಂದ ಮಾಡಿದ್ದು! ಪ್ರಾಯೋಜಕರ ಚೇಷ್ಟೆ. ಇದೇ ಹುಲ್ಕೆನ್‌ಬರ್ಗ್ 2012ರಲ್ಲಿ, ಮತ್ತೆ 2014ರಿಂದ 2016ರವರೆಗೆ ಓಡಿಸುತ್ತಿದ್ದದ್ದು ನಮ್ಮ ಬೆಂಗಳೂರಿನ ದೊರೆಯೊಬ್ಬರ ಕಾರನ್ನು. ಆ ಕಾರಿನ ಕಾರ್ಖಾನೆ ಇರುವುದು ಸಿಲ್ವರ್‌ಸ್ಟೋನ್ ಗೇಟಿನ ಎದುರಿಗೆ.

ಗೇಟಿನ ಎದುರಿನ ಭಾರತ

ವಾಪಸು ಬರುವಾಗ ಅಕ್ಕನ ಮಗ ಬೆರಳು ಮಾಡಿ ತೋರಿಸಿದ: ಗಾಜು ಹೊದ್ದ, ಉದ್ದನೆಯ ಹೊಸ ಕಟ್ಟಡ, ಮೇಲೆ ಆಸ್ಟನ್ ಮಾರ್ಟಿನ್ ಹೆಸರು. ಐರ್ಲೆಂಡಿನ ಎಡ್ಡಿ ಜೋರ್ಡನ್ ಕಟ್ಟಿದ ತಂಡದ ನೆಲೆ ಇದು. ಭಾರತದ ಫಾರ್ಮುಲಾ ಒನ್ ಚರಿತ್ರೆಯ ಬಹುಪಾಲು ಈ ಒಂದು ಅಂಗಳದಲ್ಲಿ ನಡೆದುಹೋಗಿದೆ.

ಮೊದಲು ಬಂದವರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. 2001ರ ಜೂನ್ 14ರಂದು ಜಾಗ್ವಾರ್ ತಂಡ ಇದೇ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ಅವರಿಗೆ ಕಾರು ಕೊಟ್ಟು ಪರೀಕ್ಷೆ ಮಾಡಿತು. ಫಾರ್ಮುಲಾ ಒನ್ ತಂಡವೊಂದರ ಪರೀಕ್ಷೆಯಲ್ಲಿ ಕಾರು ಓಡಿಸಿದ ಮೊದಲ ಭಾರತೀಯರಾದರು. 2005ರಲ್ಲಿ ಜೋರ್ಡನ್ ತಂಡ ಸೇರಿ ರೇಸಿಗಿಳಿದರು. ಅದೇ ವರ್ಷ ಅಮೆರಿಕದಲ್ಲಿ ಟೈರಿನ ತಕರಾರಿನಿಂದ ಆರೇ ಕಾರುಗಳು ಓಡಿದ ರೇಸಿನಲ್ಲಿ ನಾಲ್ಕನೆಯವರಾಗಿ ದೇಶಕ್ಕೆ ಮೊದಲ ಅಂಕ ತಂದರು. ಕೊಳ್ಳೇಗಾಲ ಸೀಮೆಯವರು ಇದರಲ್ಲಿ ಒಂದು ಚೂರು ಹಕ್ಕು ಸಾಧಿಸಬಹುದು: 1956ರ ರಾಜ್ಯ ಪುನರ್ವಿಂಗಡಣೆವರೆಗೆ ನಮ್ಮ ತಾಲ್ಲೂಕು ಇದ್ದದ್ದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ!

ಆಮೇಲೆ ಬಂದವರು ವಿಜಯ್ ಮಲ್ಯ. 2007ರಲ್ಲಿ ಪಾಲುದಾರರ ಜೊತೆ ತಂಡ ಕೊಂಡು, 2008ರಿಂದ ‘ಫೋರ್ಸ್ ಇಂಡಿಯಾ’ ಹೆಸರಿನಲ್ಲಿ ಕಣಕ್ಕಿಳಿಸಿದರು. ಮಲ್ಯ ಅವರಿಗೆ ರೇಸು ಹೊಸದಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ಮದ್ರಾಸಿನ ಷೋಲಾವರಂನಲ್ಲಿ ಎನ್ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ಸ್ವತಃ ಓಡಿಸಿದ್ದವರು. 2009ರ ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಬಂದರು. 2016, 2017ರಲ್ಲಿ ತಂಡಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ. ಅದರ ಬಜೆಟ್ಟಿಗೆ ಹೋಲಿಸಿದರೆ ಇದು ಸಣ್ಣ ಸಾಧನೆಯಲ್ಲ. 2018ರ ಜುಲೈನಲ್ಲಿ ಹಣವಿಲ್ಲದೆ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಮಲ್ಯ ಅವರ ಉಳಿದ ಕತೆ ಓದುಗರಿಗೆ ಗೊತ್ತೇ ಇದೆ.

> ಒಂದೇ ಅಂಗಳ, ಆರು ಬೋರ್ಡು
>
> 1991ರಲ್ಲಿ ಜೋರ್ಡನ್, 2006ರಲ್ಲಿ ಮಿಡ್‌ಲ್ಯಾಂಡ್, 2007ರಲ್ಲಿ ಸ್ಪೈಕರ್, 2008ರಲ್ಲಿ ಫೋರ್ಸ್ ಇಂಡಿಯಾ, 2019ರಲ್ಲಿ ರೇಸಿಂಗ್ ಪಾಯಿಂಟ್, 2021ರಿಂದ ಆಸ್ಟನ್ ಮಾರ್ಟಿನ್. ಮೈಕೆಲ್ ಶೂಮಾಕರ್ ತಮ್ಮ ಮೊದಲ ಫಾರ್ಮುಲಾ ಒನ್ ರೇಸು ಓಡಿಸಿದ್ದು 1991ರಲ್ಲಿ ಈ ತಂಡದ ಕಾರಿನಲ್ಲೇ.

ಮಲ್ಯ ಅವರ ತಂಡ ಕರ್ನಾಟಕಕ್ಕೆ ಬಿಟ್ಟುಹೋದದ್ದು ಏನು ಎಂದು ಕೇಳಿದರೆ ಒಂದು ಒಳ್ಳೆಯ ಉತ್ತರವಿದೆ. 2011ರಲ್ಲಿ ಫೋರ್ಸ್ ಇಂಡಿಯಾ ದೇಶದಾದ್ಯಂತ ಹುಡುಗರಿಗೆ ಗೋ-ಕಾರ್ಟ್ ಪರೀಕ್ಷೆ ಇಟ್ಟು ಪ್ರತಿಭೆ ಹುಡುಕಿತು. ಗೆದ್ದವರಲ್ಲಿ ಒಬ್ಬರು ಬೆಂಗಳೂರಿನ ಅರ್ಜುನ್ ಮೈನಿ. 2014ರಲ್ಲಿ ಬ್ರಿಟನ್ನಿನ ಎಫ್4 ಚಾಂಪಿಯನ್‌ಷಿಪ್ಪಿನಲ್ಲಿ ಅರ್ಜುನ್ ಎರಡನೆಯವರು. ಮೊದಲನೆಯವರು ಯಾರು ಗೊತ್ತೇ? ಇಂದಿನ ಮರ್ಸಿಡಿಸ್ ಚಾಲಕ ಜಾರ್ಜ್ ರಸೆಲ್. ಅರ್ಜುನ್ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ವರೆಗೆ ಬಂದು, 2021ರಿಂದ ಜರ್ಮನಿಯ ಡಿಟಿಎಂ ಸರಣಿಗೆ ಹೊರಳಿಕೊಂಡರು. ಅವರ ತಮ್ಮ ಕುಶ್ ಇನ್ನೂ ಏಣಿ ಹತ್ತುತ್ತಿದ್ದಾರೆ. ರೇವಾ ಎಲೆಕ್ಟ್ರಿಕ್ ಕಾರು ಮಾಡಿದ ಚೇತನ್ ಮೈನಿ ಇವರ ಚಿಕ್ಕಪ್ಪ.

ಅಂದು ಬೆಳಗಿನ ಎಫ್2 ರೇಸಿಗೆ ನಾವು ಬೇಗ ಹೋಗಿ ಕೂತದ್ದೇ ಕುಶ್ ಮೈನಿಗಾಗಿ. ಎಫ್2ರಲ್ಲಿ ಎಲ್ಲರದೂ ಒಂದೇ ಮಾದರಿಯ ಕಾರು, ಒಂದೇ ಎಂಜಿನ್, ಕೈಚಳಕವೇ ಬಂಡವಾಳ. ಅದಕ್ಕೂ ಆರು ವಾರ ಮೊದಲಷ್ಟೇ ಕುಶ್ ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ಎಫ್2 ಸ್ಪ್ರಿಂಟ್ ರೇಸು ಗೆದ್ದು, ಅಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯರಾಗಿದ್ದರು. ಬೇಲಿಯಾಚೆ ಹೆಲ್ಮೆಟ್ಟಿನ ಗುರುತು ಹಿಡಿಯುವುದರೊಳಗೆ ಕಾರು ದಾಟಿಹೋಗುತ್ತಿತ್ತು. ಆದರೂ ಅಕ್ಕನ ಮಗ ಪ್ರತಿ ಸುತ್ತಿಗೂ ‘ಬಂದ ಕನ್ ಮಾವ, ಬಂದ’ ಎಂದು ಕೂಗಿದ. ಅಕ್ಕಪಕ್ಕದ ಇಂಗ್ಲಿಷರು ನಮ್ಮ ಭಾಷೆಯನ್ನು ಏನೆಂದುಕೊಂಡರೋ.

ನಮ್ಮ ರನ್‌ವೇಗಳಿಗೆ ಏನಾಯಿತು?

ಮನೆಗೆ ಬಂದು ಒದ್ದೆ ಬಟ್ಟೆ ಒಣಹಾಕುವಾಗ ತಲೆ ಕೊರೆಯತೊಡಗಿದ್ದು ಈ ಪ್ರಶ್ನೆ. ಮಹಾಯುದ್ಧದ ರನ್‌ವೇಗಳು ಅವರಿಗೊಬ್ಬರಿಗೇ ಉಳಿದವಲ್ಲ. ಜಪಾನಿಗೆ ಹೆದರಿ ಬ್ರಿಟಿಷರು ಇಲ್ಲೂ ಕಾಂಕ್ರೀಟು ಸುರಿದರು. ಮದ್ರಾಸಿನ ಉತ್ತರಕ್ಕಿರುವ ಷೋಲಾವರಂ ಏರ್‌ಸ್ಟ್ರಿಪ್ ಅಂಥದ್ದೇ. ಐವತ್ತರ ದಶಕದ ಆರಂಭಕ್ಕೆ, ಅಂದರೆ ಸಿಲ್ವರ್‌ಸ್ಟೋನ್‌ನ ಬೆನ್ನಿಗೇ, ಅಲ್ಲಿ ರೇಸು ಶುರುವಾಗಿತ್ತು. ರೇಸಿನ ದಿನಗಳಲ್ಲಿ ದಕ್ಷಿಣ ಭಾರತದ ಮೋಟಾರು ಹುಚ್ಚಿನವರೆಲ್ಲ ಅಲ್ಲಿರುತ್ತಿದ್ದರು. ಬೆಂಗಳೂರಿನವರಿಗೆ ಮನೆ ಬಾಗಿಲಲ್ಲೇ ಅಗರಂ ಇತ್ತು. ಸೇನೆಯ ಸುಪರ್ದಿಯಲ್ಲಿದ್ದ ಅಲ್ಲಿನ ಏರ್‌ಸ್ಟ್ರಿಪ್ಪಿನಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ರೇಸು ನಡೆಸುತ್ತಿತ್ತು. ಫಿಯೆಟ್, ಹೆರಾಲ್ಡ್, ಅಂಬಾಸಿಡರ್ ಕಾರುಗಳ ಹೊಟ್ಟೆ ಬಗೆದು, ಸೀಟು ಕಿತ್ತು, ಎಂಜಿನ್ ತಿದ್ದಿ ಓಡಿಸುತ್ತಿದ್ದ ಕಾಲ. ಆಮದಿಗೆ ನಿರ್ಬಂಧವಿದ್ದ ದೇಶದಲ್ಲಿ ರೇಸು ಎಂದರೆ ಅರ್ಧ ಮೆಕ್ಯಾನಿಕ್ಕಿನ ಆಟ.

ವ್ಯತ್ಯಾಸ ಆಗಿದ್ದು ಎಲ್ಲಿ? ಹಣದಲ್ಲಿ ಎನ್ನುವುದು ಸುಲಭದ ಉತ್ತರ. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಪೆಟ್ರೋಲಿಗೂ ರೇಷನ್ನಿತ್ತು. 1950ರ ರೇಸು ಮುಗಿದು ಎರಡು ವಾರದೊಳಗೆ ಅದು ಕೊನೆಗೊಂಡಿತು. ನನಗೆ ಕಾಣುವುದು ನೆಲದ ಹಕ್ಕು. ಗೇಣಿಗೆ ಹಿಡಿದ ಜಾಗವನ್ನು ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್ ತನ್ನ ಕೈಗೆ ತೆಗೆದುಕೊಂಡು, 1971ರಲ್ಲಿ ಕ್ರಯಕ್ಕೇ ಕೊಂಡಿತು. ಹಳೆಯ ಚಾಲಕರ ಒಂದು ಸಂಘ ಒಂದು ಇಡೀ ವಿಮಾನ ನಿಲ್ದಾಣದ ಒಡೆಯನಾಯಿತು. ಎರಡು ತಿಂಗಳ ಕೆಲಸಕ್ಕೆ ಬಂದ ಆ ರೈತ ಜಿಮ್ಮಿ ಬ್ರೌನ್ ದಶಕಗಳ ಕಾಲ ಅಲ್ಲೇ ಇದ್ದು ಟ್ರ್ಯಾಕು ನೋಡಿಕೊಂಡ. ನೆಲ ತಮ್ಮದು ಎಂದಾದ ಮೇಲೆ ಮಣ್ಣಿನ ದಿಬ್ಬ ಎಬ್ಬಿಸಿದರು, ಶೌಚಾಲಯ ಕಟ್ಟಿಸಿದರು. ತಪ್ಪೂ ಮಾಡಿದರು: 2000ನೇ ಇಸವಿಯಲ್ಲಿ ಏಪ್ರಿಲ್ಲಿಗೆ ರೇಸು ಬಂದಾಗ ಮಳೆಗೆ ಪಾರ್ಕಿಂಗ್ ಹೊಲಗಳೆಲ್ಲ ಕೆಸರುಗುಂಡಿಯಾಗಿ, ಶನಿವಾರ ಜನರನ್ನು ಬರಬೇಡಿ ಎನ್ನಬೇಕಾಯಿತು. 2009ರ ಹೊತ್ತಿಗೆ ರೇಸೇ ಡಾನಿಂಗ್ಟನ್ನಿಗೆ ಕೈತಪ್ಪಿ ಹೋಗುವುದರಲ್ಲಿತ್ತು. ಸಾಲ ಮಾಡಿ ಸರಿಪಡಿಸಿಕೊಂಡರು. ಈಗಿನ ಒಪ್ಪಂದ 2034ರವರೆಗೆ ಇದೆ.

ನಮ್ಮ ಕ್ಲಬ್ಬುಗಳು ಪ್ರತಿ ಸಲ ಸೇನೆಗೆ ಅರ್ಜಿ ಹಾಕಿ, ಒಪ್ಪಿಗೆ ಪಡೆದು, ಟೈರು, ಹುಲ್ಲಿನ ಪಿಂಡಿ ಜೋಡಿಸಿ, ಸಂಜೆ ಬಿಚ್ಚಿ ಹೊರಡಬೇಕಿತ್ತು. ಇನ್ನೊಬ್ಬರ ಅಂಗಳದಲ್ಲಿ ಯಾರು ತಾನೇ ಗೋಡೆ ಕಟ್ಟಿಸುತ್ತಾರೆ? ಮದ್ರಾಸಿನ ಕ್ಲಬ್ಬು ಇದನ್ನು ಬೇಗ ಅರಿತು ಇರುಂಗಾಟ್ಟುಕೋಟೆಯಲ್ಲಿ ಸ್ವಂತ ನೆಲ ಕೊಂಡಿತು; 1990ರಲ್ಲಿ ಅಲ್ಲಿ 3.7 ಕಿ.ಮೀ. ಟ್ರ್ಯಾಕು ಸಿದ್ಧವಾಯಿತು. ಕೊಯಮತ್ತೂರಿನಲ್ಲಿ, ರೇಸು ಕಾರುಗಳನ್ನು ದೇಶದಲ್ಲೇ ತಯಾರಿಸಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಹೆಸರಿನಲ್ಲಿ ‘ಕರಿ ಮೋಟಾರ್ ಸ್ಪೀಡ್‌ವೇ’ ಬಂತು. ವಿಮಾನ ಕಟ್ಟುವ, ಬೈಕು ಕಟ್ಟುವ, ಎಲೆಕ್ಟ್ರಿಕ್ ಕಾರು ಕಟ್ಟಿದ ಬೆಂಗಳೂರು ಮಾತ್ರ ಗೋ-ಕಾರ್ಟಿನ ಪುಟ್ಟ ಟ್ರ್ಯಾಕುಗಳಾಚೆಗೆ ಹೋಗಲಿಲ್ಲ.

ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟನ್ನು ಇಲ್ಲಿ ಉದಾಹರಣೆ ಕೊಡುವವರಿದ್ದಾರೆ. 2011ರಿಂದ 2013ರವರೆಗೆ ಮೂರು ಗ್ರ್ಯಾನ್‌ಪ್ರಿ ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದರು. ಮನರಂಜನಾ ತೆರಿಗೆಯ ಜಗಳದಲ್ಲಿ ಆಟ ಮುಗಿಯಿತು. ಅದು ಮೇಲಿನಿಂದ ಕಟ್ಟಿದ್ದು. ಸಿಲ್ವರ್‌ಸ್ಟೋನ್‌ನಲ್ಲಿ ಮೊದಲು ಬಂದವರು ಹುಚ್ಚರು, ಆಮೇಲೆ ಕ್ಲಬ್ಬು, ಆಮೇಲೆ ಗ್ಯಾರೇಜು, ಕೊನೆಗೆ ಕಾರ್ಖಾನೆ. ಇವತ್ತು ಮರ್ಸಿಡಿಸ್ ತಂಡ ಪಕ್ಕದ ಬ್ರ್ಯಾಕ್ಲಿಯಲ್ಲಿ, ರೆಡ್‌ಬುಲ್ ಮಿಲ್ಟನ್ ಕೀನ್ಸ್‌ನಲ್ಲಿ, ವಿಲಿಯಮ್ಸ್, ಆಲ್ಪೀನ್ ಆಕ್ಸ್‌ಫರ್ಡ್ ಸೀಮೆಯಲ್ಲಿ. ಅಕ್ಕನ ಮಗ ತರಕಾರಿ ತರುವ ಅಂಗಡಿಯಲ್ಲಿ ರೆಡ್‌ಬುಲ್ ಟೀ ಶರ್ಟು ತೊಟ್ಟ ಕೆಲಸಗಾರರು ಸಾಲಿನಲ್ಲಿ ನಿಂತಿರುತ್ತಾರೆ.

ಟ್ರ್ಯಾಕು ಇಲ್ಲದ ನಾಡಿನವರು ಎಲ್ಲಿ ಮಿಂಚಿದರು ನೋಡಿ: ಮಣ್ಣಿನಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು ಬಂದರು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ನಡೆಯುತ್ತದೆ. ಕಾಡುದಾರಿ, ಹೊಲದ ದಾರಿ, ಮರಳು ಇವಕ್ಕೆ ಕ್ರಯಪತ್ರ ಬೇಕಿಲ್ಲ. ಟಾರು ಟ್ರ್ಯಾಕಿಗೆ ಬೇಕು.

ಮಿಕ್ಕವರು ಸಾರ್ವಜನಿಕ ರಸ್ತೆಗೆ ಇಳಿಯುತ್ತಾರೆ. ಕಾಮಗೆರೆಯಿಂದ ಹನೂರಿನ ಕಡೆಗೆ ಸಂಜೆ ಹೊತ್ತು ಒಮ್ಮೆ ನಿಂತು ನೋಡಬೇಕು. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಟಿವಿಎಸ್ ಎಕ್ಸೆಲ್ ಬರುತ್ತಿರುತ್ತದೆ. ಪಕ್ಕದಲ್ಲೇ ಮುಂದಿನ ಚಕ್ರ ಎತ್ತಿಕೊಂಡು ವೀಲಿಂಗ್ ಹುಡುಗರು ನುಗ್ಗುತ್ತಾರೆ. ಸೈಲೆನ್ಸರ್ ಬದಲಿಸಿದ ಬೈಕು, ತಲೆಗೆ ಹೆಲ್ಮೆಟ್ಟಿಲ್ಲ. ಪೊಲೀಸರು ಹಿಡಿಯುತ್ತಾರೆ, ದಂಡ ಹಾಕುತ್ತಾರೆ, ಮುಂದಿನ ವಾರ ಮತ್ತೆ ಅದೇ. ಇವರಲ್ಲಿ ಯಾರೂ ಫಾರ್ಮುಲಾ ಒನ್‌ಗೆ ಹೋಗುವವರಲ್ಲ, ಒಪ್ಪಿದೆ. ಆದರೆ ಬ್ರೇಕು ಎಲ್ಲಿ ಹಾಕಬೇಕೆಂದು ಬೇಲಿಯೊಳಗೆ ಕಲಿಯುವ ಅವಕಾಶ ಇವರಿಗೆ ಸಿಕ್ಕಿಲ್ಲ ಎಂಬುದೂ ನಿಜ. ಬ್ರಿಟನ್ನು 1903ರಲ್ಲಿ ರಸ್ತೆಗೆ ಮಿತಿ ಹಾಕಿ, ನಾಲ್ಕು ವರ್ಷದಲ್ಲಿ ಟ್ರ್ಯಾಕು ಕಂಡಿತು. ನಾವು ದಂಡದ ರಸೀದಿಗೆ ನಿಂತಿದ್ದೇವೆ.

‘ಎಫ್1’ ಸಿನಿಮಾ ನೋಡಿ ಬಂದ ಊರಿನ ಹುಡುಗರು ಈಗ ನನ್ನನ್ನು ಹಿಡಿದು ಕೇಳುತ್ತಾರೆ, ‘ಅಣ್ಣ, ಅದ್ನ ನೋಡ್ಬೇಕು ಅಂದ್ರ ಲಂಡನ್ನಿಗೇ ಹೋಗ್ಬೇಕಾ?’ ಬೇಡ. ನಮಗೆ ಬೆಂಗಳೂರಿಗಿಂತ ಒಳ್ಳೆಯ ದಾರಿ ದಕ್ಷಿಣಕ್ಕಿದೆ. ಕೊಳ್ಳೇಗಾಲದಿಂದ ಚಾಮರಾಜನಗರ, ಹಾಸನೂರು, ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ. ಅಲ್ಲಿಂದ ಮುಂದೆ ಕೊಯಮತ್ತೂರು. ಊರಾಚೆ ಚೆಟ್ಟಿಪಾಳ್ಯದಲ್ಲಿ ಕರಿ ಟ್ರ್ಯಾಕು. ಸುತ್ತು 2.1 ಕಿ.ಮೀ. ಮಾತ್ರ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ದಿನಗಳನ್ನು ಮೊದಲೇ ನೋಡಿಕೊಂಡು ಹೋಗಬೇಕು, ನೆತ್ತಿಗೆ ಟೋಪಿ ಬೇಕು, ಚಟ್ನಿಪುಡಿ ಚಪಾತಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಕೊನೆಯ ರೇಸು ಮುಗಿಯುವವರೆಗೆ ಕಾಯುತ್ತಾ ಕೂರುವಂತಿಲ್ಲ. ಕಾಡುಪ್ರಾಣಿಗಳಿಗಾಗಿ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಗೇಟು ಹಾಕುವುದರೊಳಗೆ ಘಾಟಿಯ ಬುಡದ ಬಣ್ಣಾರಿ ದಾಟಿರಬೇಕು.